ಹೆದರಿದ ಕುದುರೆಗೆ ಚಾಬೂಕು ಮದ್ದಲ್ಲ

ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ಗುಂಡ್ಯ ಒಂದು ನಿಲುಗಡೆ. ಲಾರಿಯವರು ಇಲ್ಲಿ ಇಳಿದು ಚಾ ಕುಡಿದು, ಟಯರು ತಟ್ಟಿ ನೋಡಿ, ಬ್ರೇಕು ಪರೀಕ್ಷಿಸಿ ಮತ್ತೆ ಹತ್ತುತ್ತಾರೆ. ಯಾಕೆಂದರೆ ಇಲ್ಲಿಂದ ಮುಂದೆ ಶಿರಾಡಿ ಘಾಟಿ. ಅದೇ ದಾರಿಯಲ್ಲಿ ಮೇಲೆ ಹೋದರೆ ಸಕಲೇಶಪುರದ ಹತ್ತಿರ ದೋಣಿಗಾಲ್‌ನಲ್ಲಿ ಟಿಪ್ಪು ಸುಲ್ತಾನರು 1792ರಲ್ಲಿ ಕಟ್ಟಿಸಿದ ಮಂಜರಾಬಾದ್ ಕೋಟೆ ಸಿಗುತ್ತದೆ. ಹಾಸನ ದಾಟಿ ಮುಂದೆ ಹೋದರೆ ಕುಣಿಗಲ್‌ನ ಕುದುರೆ ಫಾರಂ. ಬೆಂಗಳೂರು ಮುಟ್ಟಿದರೆ ಅಲಿ ಅಸ್ಕರ್ ರಸ್ತೆ. ಈ ಮೂರೂ ಕುದುರೆಯ ಚರಿತ್ರೆಗೆ ಸೇರಿದ ಹೆಸರುಗಳು. ದಿನವೂ ಈ ದಾರಿಯಲ್ಲಿ ಓಡಾಡುವ ನಮ್ಮಲ್ಲಿ ಹೆಚ್ಚಿನವರಿಗೆ ಅದು ನೆನಪಿಗೆ ಬರುವುದಿಲ್ಲ.

ಕುದುರೆಯ ಚರಿತ್ರೆ ಎಂದಾಗ ನಾವು ಯುದ್ಧಗಳನ್ನೂ ಸುಲ್ತಾನರನ್ನೂ ನೆನೆಯುತ್ತೇವೆ. ಆದರೆ ಹಡಗಿನಿಂದ ನಡುಗುತ್ತಾ ಇಳಿದ ಕುದುರೆಯನ್ನು ಸಮಾಧಾನಪಡಿಸಿದವನು ಯಾರು? ಕಂಡು ಕೇಳರಿಯದ ಕಾಡಿನಲ್ಲಿ, ಕಡಿದಾದ ಏರಿನಲ್ಲಿ ಅದನ್ನು ನಡೆಸಿದವನು ಯಾರು? ಅವನ ಹೆಸರು ಯಾವ ಶಾಸನದಲ್ಲೂ ಇಲ್ಲ. ಅವನನ್ನು ಮೈಸೂರು ಕಡೆ ಕಾಸದಾರ ಎಂದರು, ಉರ್ದುವಿನಲ್ಲಿ ಸಯೀಸ್ ಎಂದರು. ಈ ಲೇಖನ ಅವನ ಕೈಯಲ್ಲಿದ್ದ ವಿದ್ಯೆಯ ಕುರಿತಾದದ್ದು.

ಕಡಲು ದಾಟಿ ಬಂದ ಕುದುರೆ

ನಮ್ಮ ಕರಾವಳಿ ಕುದುರೆಯ ನಾಡಲ್ಲ. ಇಲ್ಲಿನ ಮಳೆ, ಕೆಸರು, ಸೆಕೆ ಯಾವುದೂ ಅದಕ್ಕೆ ಹಿತವಲ್ಲ. ಒಳನಾಡಿನ ಅರಸರಿಗೋ ಒಳ್ಳೆಯ ಕುದುರೆ ಬೇಕೇ ಬೇಕಿತ್ತು. ಹಾಗಾಗಿ ಅರೇಬಿಯಾ ಮತ್ತು ಪರ್ಶಿಯಾದಿಂದ ಅವು ಹಡಗಿನಲ್ಲಿ ಬಂದವು. ಮಂಗಳೂರು, ಭಟ್ಕಳ, ಹೊನ್ನಾವರದಂಥ ಬಂದರುಗಳ ಮುಸ್ಲಿಮ್ ವರ್ತಕ ಸಮುದಾಯಗಳು ಬೆಳೆಯುವುದಕ್ಕೆ ಕರಿಮೆಣಸಿನಂತೆಯೇ ಕುದುರೆಯೂ ಒಂದು ಕಾರಣ.

ಹದಿನಾಲ್ಕನೆಯ ಶತಮಾನದ ನಡುವಿನಲ್ಲಿ ಇಲ್ಲಿಗೆ ಬಂದ ಇಬ್ನು ಬತೂತ ಮಂಗಳೂರಿನಲ್ಲಿ ಫಾರ್ಸ್ ಮತ್ತು ಯಮನ್‌ನ ವರ್ತಕರು ಬಂದಿಳಿಯುವುದನ್ನು ಕಂಡರು. ಊರಿನ ಪಕ್ಕದಲ್ಲಿ ಸುಮಾರು 4,000 ಮುಸ್ಲಿಮರ ಕೇರಿಯೊಂದಿದೆ ಎಂದೂ ಅವರು ಬರೆದರು. ಅದಾಗಿ ನೂರು ವರ್ಷಗಳ ಬಳಿಕ, 1443ರಲ್ಲಿ, ಪರ್ಶಿಯಾದ ರಾಯಭಾರಿ ಅಬ್ದುರ್ರಝಾಕ್ ಕಲ್ಲಿಕೋಟೆಯಿಂದ ಮಂಗಳೂರಿಗೆ ಬಂದು, ಘಟ್ಟ ಹತ್ತಿ ವಿಜಯನಗರ ಸೇರಿದರು. ಹುರ್ಮುಝ್‌ನಲ್ಲಿ ಹಡಗು ಹತ್ತುವಾಗ ಅವರ ಜನರನ್ನೂ ಕುದುರೆಗಳನ್ನೂ ಎರಡು ಹಡಗುಗಳಿಗೆ ಹಂಚಬೇಕಾಯಿತು. ಹಡಗಿನ ವಾಸನೆ ಮೂಗಿಗೆ ತಟ್ಟಿದ್ದೇ ತಡ, ಕಡಲಿನ ಭಯದಿಂದ ಮೂರು ದಿನ ಪ್ರಜ್ಞೆ ಇಲ್ಲದಂತೆ ಬಿದ್ದಿದ್ದೆ ಎಂದು ಅವರೇ ಬರೆದುಕೊಂಡಿದ್ದಾರೆ.

ತಾನು ಎಲ್ಲಿಗೆ, ಏತಕ್ಕೆ ಹೋಗುತ್ತಿದ್ದೇನೆಂದು ತಿಳಿದಿದ್ದ ವಿದ್ವಾಂಸರ ಪಾಡೇ ಹೀಗಾದರೆ, ಏನೂ ತಿಳಿಯದ ಪ್ರಾಣಿಯ ಪಾಡೇನು? ಕಾಲ ಕೆಳಗೆ ನೆಲ ಅಲುಗುತ್ತಿರುತ್ತದೆ. ಇಕ್ಕಟ್ಟಿನ ಜಾಗ, ಕತ್ತಲೆ, ಅಲೆಗಳ ಬಡಿತ. ವಾರಗಟ್ಟಲೆ ಇದನ್ನು ಅನುಭವಿಸಿ ದಡ ಮುಟ್ಟಿದ ಕುದುರೆ ಜೀವದಿಂದಿದ್ದರೂ ಅದರ ಮನಸ್ಸು ಬೆದರಿ ಹೋಗಿರುತ್ತಿತ್ತು.

ಬಾಲ ತೋರಿಸಿ ಹಣ ಪಡೆದ ಕಾಲ

ವಿಜಯನಗರದ ಕುರಿತು ಬರೆದ ಪೋರ್ಚುಗೀಸ್ ನುನಿಝ್ ಸ್ವತಃ ಕುದುರೆ ವ್ಯಾಪಾರಿ. ಕೃಷ್ಣದೇವರಾಯನು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದ ಎಂದು ಆತ ಬರೆದಿದ್ದಾನೆ. ಅದಕ್ಕಿಂತ ಹಿಂದಿನ ಸಾಳುವ ನರಸಿಂಹನ ಕಾಲದ ಬಗ್ಗೆ ಅವನು ಹೇಳುವ ಮಾತು ಇನ್ನೂ ವಿಚಿತ್ರ. ಅರಸ ಕುದುರೆಗಳನ್ನು ಸತ್ತಿರಲಿ ಬದುಕಿರಲಿ ಕೊಳ್ಳುತ್ತಿದ್ದನಂತೆ. ಕಡಲಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೆ ಜೀವಂತ ಕುದುರೆಗೆ ಕೊಡುವಷ್ಟೇ ಹಣ ಸಿಗುತ್ತಿತ್ತಂತೆ. ಅರಸನಿಗೆ ಕುದುರೆಯ ಅಗತ್ಯ ಎಷ್ಟಿತ್ತು, ದಾರಿಯಲ್ಲಿ ಎಷ್ಟು ಕುದುರೆಗಳು ಸಾಯುತ್ತಿದ್ದವು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ದಡ ಸೇರಿದ ಮೇಲೂ ಸಾವು ನಿಲ್ಲುತ್ತಿರಲಿಲ್ಲ. ಹದಿಮೂರನೆಯ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿಯನ್ನು ಕಂಡ ಮಾರ್ಕೊ ಪೋಲೊ, ಅಲ್ಲಿನ ಅರಸ 2,000ಕ್ಕೂ ಹೆಚ್ಚು ಕುದುರೆ ಕೊಂಡರೂ ವರ್ಷದ ಕೊನೆಗೆ ನೂರು ಕೂಡ ಉಳಿಯುವುದಿಲ್ಲ ಎಂದು ಬರೆದ. ಲೆಕ್ಕದಲ್ಲಿ ಅತಿಶಯೋಕ್ತಿ ಇರಬಹುದು. ಆದರೆ ಅವನು ಕೊಡುವ ಕಾರಣ ಗಮನಾರ್ಹ. ಕುದುರೆಯನ್ನು ನೋಡಿಕೊಳ್ಳಲು ತಿಳಿದವರು ಅಲ್ಲಿರಲಿಲ್ಲ. ಕುದುರೆ ಸತ್ತಷ್ಟೂ ಹೊಸದು ಮಾರಾಟವಾಗುವುದರಿಂದ ವರ್ತಕರು ತಿಳಿದವರನ್ನು ಅಲ್ಲಿಗೆ ಬರಗೊಡುತ್ತಲೂ ಇರಲಿಲ್ಲ. ಹಣವಿತ್ತು, ಕುದುರೆಯಿತ್ತು, ವಿದ್ಯೆಯಿರಲಿಲ್ಲ. ವಿದ್ಯೆಯಿಲ್ಲದ ಕಡೆ ಪ್ರಾಣಿಯ ಜೀವ ಹೋಗುತ್ತದೆ, ಬೊಕ್ಕಸವೂ ಬರಿದಾಗುತ್ತದೆ.

ಕುದುರೆ ಯಾಕೆ ಬೆದರುತ್ತದೆ?

ಕುದುರೆ ಬೇಟೆಯಾಡುವ ಪ್ರಾಣಿಯಲ್ಲ, ಬೇಟೆಗೆ ಬಲಿಯಾಗುವ ಪ್ರಾಣಿ. ಅದರ ಕಣ್ಣುಗಳು ತಲೆಯ ಎರಡು ಬದಿಗಳಲ್ಲಿವೆ. ಮೂಗಿನ ನೇರ ಮುಂದಿನ ಸ್ವಲ್ಪ ಜಾಗ, ಬೆನ್ನ ಹಿಂದಿನ ಸ್ವಲ್ಪ ಜಾಗ ಬಿಟ್ಟರೆ ಸುತ್ತಲಿನದೆಲ್ಲ ಅದಕ್ಕೆ ಕಾಣುತ್ತದೆ. ಕಿವಿಗಳನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸಿ ಸದ್ದನ್ನು ಹಿಡಿಯುತ್ತದೆ. ಅಪಾಯದ ಸುಳಿವು ಸಿಕ್ಕರೆ ಮೊದಲು ಓಡುತ್ತದೆ, ಯೋಚನೆ ಆಮೇಲೆ. ಹೀಗೆ ಓಡಿದ್ದರಿಂದಲೇ ಅದರ ಕುಲ ಉಳಿದಿದೆ. ನೋವು ಕೊಟ್ಟ ಜಾಗವನ್ನೂ ಮನುಷ್ಯನನ್ನೂ ಅದು ಬಹಳ ಕಾಲ ಮರೆಯುವುದಿಲ್ಲ.

ಹೇಸರಗತ್ತೆಯ ಸ್ವಭಾವ ಬೇರೆ. ಗಂಡು ಕತ್ತೆಗೂ ಹೆಣ್ಣು ಕುದುರೆಗೂ ಹುಟ್ಟುವ ಅದು ಸಾಮಾನ್ಯವಾಗಿ ಮರಿ ಹಾಕುವುದಿಲ್ಲ. ಕುದುರೆ ಹೆದರಿದರೆ ಓಡುತ್ತದೆ. ಹೇಸರಗತ್ತೆ ಹೆದರಿದರೆ ಹೆಚ್ಚಾಗಿ ನಿಂತುಬಿಡುತ್ತದೆ. ಕಾಲಿಡುವ ಜಾಗ ಗಟ್ಟಿಯೋ ಅಲ್ಲವೋ ಎಂದು ತನಗೆ ಖಾತ್ರಿಯಾಗುವವರೆಗೆ ಹೆಜ್ಜೆ ಎತ್ತುವುದಿಲ್ಲ. ನಾವು ಇದನ್ನು ಮೊಂಡುತನ ಎನ್ನುತ್ತೇವೆ. ಬೆಟ್ಟದ ಅಂಚಿನ ದಾರಿಯಲ್ಲಿ ಅದನ್ನು ನಂಬಿ ಹೋದವರು ಎಚ್ಚರ ಎನ್ನುತ್ತಾರೆ.

ಎರಡೂ ಪ್ರಾಣಿಗಳ ವಿಷಯದಲ್ಲಿ ತರಬೇತುಗಾರ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದು ಹಟವೋ, ಹೆದರಿಕೆಯೋ? ಹೆದರಿಕೆಯನ್ನು ಹಟವೆಂದು ತಿಳಿದು ಹೊಡೆದರೆ ಪ್ರಾಣಿಗೆ ಎರಡು ಹೆದರಿಕೆಗಳಾಗುತ್ತವೆ. ಎದುರಿಗಿರುವ ವಸ್ತುವಿನದು ಒಂದು, ಹಿಂದಿರುವ ಮನುಷ್ಯನದು ಇನ್ನೊಂದು.

ಕೈಯಿಂದ ಕೈಗೆ ಬಂದ ವಿದ್ಯೆ

ಈ ವಿದ್ಯೆ ಯಾವುದೇ ಒಂದು ಜನಾಂಗದ ಸೊತ್ತಲ್ಲ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಗ್ರೀಕ್ ಲೇಖಕ ಝೆನೊಫನ್, ಕೋಪದಲ್ಲಿರುವಾಗ ಕುದುರೆಯ ಬಳಿ ಹೋಗಲೇಬಾರದು ಎಂದು ಬುದ್ಧಿ ಹೇಳಿದ್ದ. ನಮ್ಮ ನಾಡಿನಲ್ಲಿ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಕುದುರೆಯ ಜಾತಿ, ಲಕ್ಷಣ ಮತ್ತು ಪಳಗಿಸುವಿಕೆಯ ವಿಚಾರಗಳಿವೆ. ಅಬ್ಬಾಸೀ ಖಲೀಫ ಅಲ್ ಮುಅ್‌ತಳಿದ್‌ರ ಲಾಯದ ಮುಖ್ಯಸ್ಥರಾಗಿದ್ದ ಇಬ್ನು ಅಖೀ ಹಿಝಾಮ್ ಒಂಬತ್ತನೆಯ ಶತಮಾನದಲ್ಲಿ ಅಶ್ವಾರೋಹಣ ಮತ್ತು ಅಶ್ವವೈದ್ಯದ ಕುರಿತು ಬರೆದ ಗ್ರಂಥ ಅರಬಿಯ ಅತಿ ಹಳೆಯ ಇಂಥ ಕೃತಿಗಳಲ್ಲೊಂದು.

ಈ ಹೊಳೆಗಳು ನಮ್ಮ ನೆಲದಲ್ಲೇ ಒಂದಾದವು. 1422ರಿಂದ 1436ರವರೆಗೆ ಆಳಿದ ಬಹಮನಿ ಸುಲ್ತಾನ ಅಹ್ಮದ್ ಶಾ ವಲೀ ಸಂಸ್ಕೃತದ ಶಾಲಿಹೋತ್ರ ಅಶ್ವಶಾಸ್ತ್ರವನ್ನು ಅಬ್ದುಲ್ಲಾಹ್ ಬಿನ್ ಸಫೀ ಅವರಿಂದ ಪಾರಸಿಗೆ ಅನುವಾದ ಮಾಡಿಸಿದರು. ಶಾಲಿಹೋತ್ರ ಎಂಬ ಋಷಿಯ ಹೆಸರೇ ಉರ್ದುವಿನಲ್ಲಿ 'ಸಾಲೋತ್ರಿ' ಆಯಿತು. ಹಾಗೆಂದರೆ ಕುದುರೆಯ ವೈದ್ಯ. ಅತ್ತ ಲಗಾಮು, ಜೀನು, ಸವಾರ, ಚಾಬೂಕು ಎಂಬ ಪಾರಸಿ ಮಾತುಗಳು ಕನ್ನಡದವೇ ಆಗಿಹೋದವು. ವಿಜಯನಗರದ ಇಮ್ಮಡಿ ದೇವರಾಯ ಮುಸ್ಲಿಮ್ ರಾವುತರನ್ನು ಸೇನೆಗೆ ಸೇರಿಸಿಕೊಂಡಿದ್ದ. ಅವನ ಕಾಲದಲ್ಲಿ, 1439ರಲ್ಲಿ, ಅಹ್ಮದ್ ಖಾನ್ ಎಂಬ ಅಧಿಕಾರಿ ಕಟ್ಟಿಸಿದ ಮಸೀದಿ ಹಂಪಿಯಲ್ಲಿ ಇಂದಿಗೂ ಇದೆ. ಹಂಪಿಯ ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಕುದುರೆಗಳನ್ನು ಹಿಡಿದು ನಡೆಸುವ ಪರದೇಶದವರ ಚಿತ್ರಗಳಿವೆ.

ಹಾಗಾದರೆ ಆ ವಿದ್ಯೆ ಏನು? ತಿಳಿದವರು ಮಾಡುವ ಕೆಲಸ ನೋಡಲು ಬಹಳ ಸರಳ. ಬೆದರಿದ ಕುದುರೆಯ ಎದುರಿನಿಂದ ನೇರವಾಗಿ ನುಗ್ಗುವುದಿಲ್ಲ, ಕಣ್ಣಿಗೆ ಕಾಣುವಂತೆ ಬದಿಯಿಂದ, ಹೆಗಲಿನ ಕಡೆಯಿಂದ ಹೋಗುತ್ತಾರೆ. ದಿಟ್ಟಿಸಿ ನೋಡುವುದಿಲ್ಲ. ಮೊದಲು ಕೈಯನ್ನು ಮೂಸಲು ಕೊಡುತ್ತಾರೆ. ಮುಖ ಮುಟ್ಟುವ ಮೊದಲು ಕುತ್ತಿಗೆ ಮತ್ತು ಬೆನ್ನು ಸೇರುವ ಜಾಗವನ್ನು ಮೆಲ್ಲನೆ ಕೆರೆಯುತ್ತಾರೆ. ಕುದುರೆಗಳು ಪರಸ್ಪರ ಪ್ರೀತಿ ತೋರುವಾಗ ಹಲ್ಲಿನಿಂದ ಕೆರೆದುಕೊಳ್ಳುವ ಜಾಗವೂ ಅದೇ. ಹಗ್ಗ ಎಳೆದಾಗ ಅದು ಒಂದೇ ಒಂದು ಹೆಜ್ಜೆ ಇಟ್ಟರೂ ತಕ್ಷಣ ಹಗ್ಗ ಸಡಿಲಿಸುತ್ತಾರೆ. ಆ ಸಡಿಲವೇ ಅದಕ್ಕೆ ಬಹುಮಾನ. ಹೆದರಿಸುವ ವಸ್ತುವನ್ನು ಮೊದಲ ದಿನ ದೂರದಿಂದ ತೋರಿಸಿ, ದಿನದಿಂದ ದಿನಕ್ಕೆ ಹತ್ತಿರ ತರುತ್ತಾರೆ. ಹೊಳೆ ದಾಟಿಸುವಾಗ ಅನುಭವಿ ಕುದುರೆಯೊಂದನ್ನು ಮುಂದೆ ಬಿಡುತ್ತಾರೆ. ಪ್ರಾಣಿ ಶಾಂತವಾಗಿರುವಾಗಲೇ ಆ ದಿನದ ಪಾಠ ಮುಗಿಸುತ್ತಾರೆ, ದಣಿದು ರೇಗುವ ತನಕ ಎಳೆಯುವುದಿಲ್ಲ.

ಅರಬಿಯ ಒಂದು ಪದವನ್ನು ಇಲ್ಲಿ ನೆನೆಯಬೇಕು. ರಾಜಕಾರಣಕ್ಕೆ ಅರಬಿ ಮತ್ತು ಉರ್ದುವಿನಲ್ಲಿ 'ಸಿಯಾಸತ್' ಎನ್ನುತ್ತಾರೆ. 'ಸಯೀಸ್' ಎಂಬ ಪದದ ಮೂಲವೂ ಅದೇ. ಪ್ರಾಣಿಯನ್ನು ಸಾಕಿ ಪಳಗಿಸುವುದಕ್ಕೂ ಜನರನ್ನು ಆಳುವುದಕ್ಕೂ ಆ ಭಾಷೆ ಒಂದೇ ಬೇರನ್ನು ಇಟ್ಟುಕೊಂಡಿತು.

ಕುದುರೆಗೂ ಅದಬ್

ಪ್ರವಾದಿ ಮುಹಮ್ಮದ್(ಸ)ರ ಕಾಲದ ಮದೀನದಲ್ಲಿ ಕುದುರೆಗಳು ಹೆಚ್ಚಿರಲಿಲ್ಲ. ಇದ್ದವುಗಳ ಬಗ್ಗೆ ಉಳಿದಿರುವ ವರದಿಗಳಲ್ಲಿ ಮೇಲಿನ ವಿದ್ಯೆಯ ತಿರುಳೆಲ್ಲ ಇದೆ. ಪಳಗಿಸಿದ ಕುದುರೆಗಳಿಗೆ ಒಂದು ದೂರ, ಪಳಗದ ಕುದುರೆಗಳಿಗೆ ಅದಕ್ಕಿಂತ ಕಡಿಮೆ ದೂರ ನಿಗದಿಪಡಿಸಿ ಅವರು ಓಟದ ಪಂದ್ಯ ನಡೆಸಿದರೆಂದು ಇಬ್ನು ಉಮರ್(ರ) ವರದಿ ಮಾಡಿದ್ದಾರೆ. ಪ್ರಾಣಿಯ ಸಾಮರ್ಥ್ಯ ನೋಡಿ ಕೆಲಸ ಕೊಡುವುದು ಎಂದರೆ ಇದೇ. ಮುಖಕ್ಕೆ ಹೊಡೆಯುವುದನ್ನೂ ಮುಖದ ಮೇಲೆ ಬರೆ ಹಾಕುವುದನ್ನೂ ಅವರು ನಿಷೇಧಿಸಿದರು. ತನ್ನ ಮೇಲುಹೊದಿಕೆಯಿಂದಲೇ ಕುದುರೆಯ ಮುಖ ಒರೆಸುತ್ತಿದ್ದುದನ್ನು ಜನ ಕಂಡರೆಂದು ಇಮಾಮ್ ಮಾಲಿಕ್‌ರ 'ಮುವತ್ತಅ್'ನಲ್ಲಿದೆ.

ಒಂದು ರಾತ್ರಿ ಏನೋ ಸದ್ದು ಕೇಳಿ ಮದೀನದ ಜನ ಗಾಬರಿಗೊಂಡರು. ಪ್ರವಾದಿ(ಸ)ಯವರು ಅಬೂ ತಲ್ಹಾ(ರ)ರ 'ಮಂದೂಬ್' ಎಂಬ ಕುದುರೆಯನ್ನು ಜೀನೂ ಹಾಕದೆ ಏರಿ, ಎಲ್ಲರಿಗಿಂತ ಮುಂಚೆ ಹೋಗಿ ನೋಡಿ ಬಂದು, ಹೆದರಬೇಡಿ ಎಂದರು. ನಿಧಾನಗತಿಯದೆಂದು ಎಲ್ಲರೂ ತಿಳಿದಿದ್ದ ಆ ಕುದುರೆಯ ಓಟವನ್ನು ಅವರು ಕಡಲಿಗೆ ಹೋಲಿಸಿ ಹೊಗಳಿದರು. ಆ ಬಳಿಕ ಅದನ್ನು ಯಾವ ಕುದುರೆಯೂ ಹಿಂದಿಕ್ಕಲಿಲ್ಲ ಎಂದು ಬುಖಾರಿಯಲ್ಲಿದೆ. ಹುನೈನ್ ಯುದ್ಧದ ದಿನ ಸೈನ್ಯ ಚೆದುರಿ ಓಡುತ್ತಿದ್ದಾಗ ಅವರು ಕುಳಿತಿದ್ದುದು ಕುದುರೆಯ ಮೇಲಲ್ಲ, ಬಿಳಿಯ ಹೇಸರಗತ್ತೆಯ ಮೇಲೆ. ಅದು ಶತ್ರುವಿನ ಕಡೆಗೇ ಮುಂದುವರಿಯಿತು.

ಆಯಿಶಾ(ರ) ಒಮ್ಮೆ ಪಳಗದ ಒಂಟೆಯೊಂದನ್ನು ಏರಿ, ಅದು ಮಾತು ಕೇಳದಾಗ ಅತ್ತಿತ್ತ ಎಳೆದಾಡತೊಡಗಿದರು. ಆಗ ಪ್ರವಾದಿ(ಸ)ಯವರು ಮೃದುತ್ವವನ್ನು ಕೈಬಿಡಬೇಡ ಎಂದು ತಿದ್ದಿದರು. ಮೃದುತ್ವ ಸೇರಿದ್ದು ಚೆಂದವಾಗುತ್ತದೆ, ಅದನ್ನು ಕಳಕೊಂಡದ್ದು ಕುರೂಪವಾಗುತ್ತದೆ ಎಂಬ ಪ್ರಸಿದ್ಧ ಬೋಧನೆಯನ್ನು ಜುಮಾ ಖುತುಬಾಗಳಲ್ಲಿ ನಾವು ಎಷ್ಟೋ ಬಾರಿ ಕೇಳಿದ್ದೇವೆ. ಅದು ಮನುಷ್ಯರ ನಡುವಿನ ಜಗಳದಲ್ಲಿ ಬಂದ ಮಾತಲ್ಲ, ಮಾತು ಕೇಳದ ಒಂದು ಪ್ರಾಣಿಯ ಬೆನ್ನ ಮೇಲೆ ಬಂದ ಮಾತು ಎಂಬುದನ್ನು ಮಾತ್ರ ಮರೆತಿದ್ದೇವೆ.

ಮನುಷ್ಯನ ವಿನೋದಗಳಲ್ಲಿ ವ್ಯರ್ಥವಲ್ಲದವು ಯಾವುವು ಎಂದು ಹೇಳುವ ಹದೀಸ್‌ನಲ್ಲಿ ತನ್ನ ಕುದುರೆಯನ್ನು ಪಳಗಿಸುವುದೂ ಒಂದು. ಅಲ್ಲಿ ಬಳಕೆಯಾಗಿರುವ ಪದ 'ತಅ್‌ದೀಬ್'. ಎಂದರೆ ಅದಬ್ ಕಲಿಸುವುದು. ಮಗುವಿಗೆ ಶಿಸ್ತು, ಸಂಸ್ಕಾರ ಕಲಿಸುವುದಕ್ಕೂ ಇದೇ ಪದ. ಕುದುರೆಯನ್ನು ಮುರಿಯುವುದು ಎಂಬ ಅರ್ಥ ಅದರಲ್ಲಿಲ್ಲ.

ಘಟ್ಟದ ಮೇಲಿನ ಕಥೆ

ಮತ್ತೆ ನಮ್ಮ ದಾರಿಗೆ ಬರೋಣ. ಘಟ್ಟದಲ್ಲಿ ಸರಕು ಸಾಗಿಸಿದ್ದು ಹೆಚ್ಚಾಗಿ ಹೇರೆತ್ತುಗಳು. ಕುದುರೆಗೆ ಈ ಏರು ಕಷ್ಟದ್ದು. ಕರಾವಳಿಗೂ ಮೈಸೂರಿಗೂ ನಡುವಿನ ಈ ದಾರಿಯ ಮಹತ್ವವನ್ನು ಅರಿತೇ ಟಿಪ್ಪು ಸುಲ್ತಾನರು ನಕ್ಷತ್ರಾಕಾರದ ಮಂಜರಾಬಾದ್ ಕೋಟೆಯನ್ನು ಕಟ್ಟಿಸಿದರು. ಕುಣಿಗಲ್‌ನಲ್ಲಿ ಅವರ ಅಶ್ವಸೇನೆಗೆ ಕುದುರೆಗಳನ್ನು ಬೆಳೆಸಲಾಗುತ್ತಿತ್ತು. ಆ ಜಾಗ ಮುಂದೆಯೂ ಕುದುರೆ ಫಾರಂ ಆಗಿಯೇ ಉಳಿಯಿತು.

ಮೈಸೂರಿನ ಸಿಲೇದಾರರ ಪದ್ಧತಿ ಇಲ್ಲಿ ಗಮನಿಸಬೇಕಾದದ್ದು. ಸಿಲೇದಾರ ಎಂದರೆ ಕುದುರೆಯೂ ಆಯುಧವೂ ಸ್ವಂತದ್ದಾಗಿರುವ ಸವಾರ. 1799ರ ಬಳಿಕವೂ ಈ ಪದ್ಧತಿ ಉಳಿಯಿತು. 1807ರ ಒಪ್ಪಂದದಂತೆ ಮೈಸೂರು ಸಂಸ್ಥಾನ 4,000 ಕುದುರೆ ಸವಾರರನ್ನು ಇಟ್ಟುಕೊಳ್ಳಬೇಕಾಗಿತ್ತು. ಸಿಲೇದಾರನಿಗೆ ಕುದುರೆಯೇ ಬಂಡವಾಳ. ಅದು ಕುಂಟಿದರೆ ಮನೆಯ ಒಲೆ ಉರಿಯದು. ಬಾಲ ತೋರಿಸಿದರೆ ಹಣ ಕೊಡುವ ಅರಸ ಅವನಿಗೆ ಇರಲಿಲ್ಲ. ಹಾಗಾಗಿ ಅವನ ಕುದುರೆ ಅವನ ಮನೆಯವರ ನಡುವೆ ಒಂದಾಗಿ ಬೆಳೆಯಿತು.

1824ರಲ್ಲಿ ಶೀರಾಝ್‌ನ ಹದಿನಾರು ವರ್ಷದ ಹುಡುಗನೊಬ್ಬ ಅಣ್ಣಂದಿರ ಜೊತೆ ಕುದುರೆಗಳನ್ನು ತೆಗೆದುಕೊಂಡು ಬೆಂಗಳೂರಿಗೆ ಬಂದ. ಆತನೇ ಆಗಾ ಅಲಿ ಅಸ್ಕರ್. ಮುಮ್ಮಡಿ ಕೃಷ್ಣರಾಜ ಒಡೆಯರಿಗೂ ಬ್ರಿಟಿಷ್ ಅಧಿಕಾರಿಗಳಿಗೂ ಅವರು ಕುದುರೆ ಒದಗಿಸಿದರು. 1834ರಿಂದ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್‌ಗೆ ಅರಬಿ ಕುದುರೆಗಳೆಂದರೆ ಪ್ರಾಣ. ಇಬ್ಬರಿಗೂ ಸ್ನೇಹ ಬೆಳೆಯಿತು. ಇಂದಿನ ಜಾನ್ಸನ್ ಮಾರ್ಕೆಟ್ ಇರುವ ಕಡೆ ಅಲಿ ಅಸ್ಕರ್ ಅವರ ಲಾಯಗಳಿದ್ದವು. ಬೆಂಗಳೂರಿನಲ್ಲಿ ಅನೇಕ ಬಂಗಲೆಗಳನ್ನೂ ಅವರು ಕಟ್ಟಿಸಿದರು. 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಝಾ ಇಸ್ಮಾಯೀಲ್ ಅವರ ಮೊಮ್ಮಗ. ಬೃಂದಾವನ ಉದ್ಯಾನವನ್ನು ನೋಡಿ ಮೆಚ್ಚುವ ನಾವು, ಆ ಮನೆತನವನ್ನು ಈ ನಾಡಿಗೆ ತಂದದ್ದು ಕುದುರೆ ಎಂಬುದನ್ನು ನೆನಪಿಡಬೇಕು.

1918ರ ಸೆಪ್ಟೆಂಬರ್ 23ರಂದು ಫೆಲೆಸ್ತೀನಿನ ಹೈಫಾದಲ್ಲಿ ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧ್‌ಪುರ ಲ್ಯಾನ್ಸರ್ಸ್ ಹೋರಾಡಿದ ಕಥೆ ಪ್ರಸಿದ್ಧ. ಯಾರ ಪರವಾಗಿ, ಯಾರ ವಿರುದ್ಧ ಆ ಯುದ್ಧ ಎಂಬುದು ಬೇರೆ ಚರ್ಚೆ. ಅಂದು ಮೈಸೂರಿನ ಒಂದು ತುಕಡಿ ಕಾರ್ಮೆಲ್ ಬೆಟ್ಟದ ಕಡಿದಾದ ಏರನ್ನು ಹತ್ತಿತು. ಮೇಲಿನಿಂದ ಫಿರಂಗಿ ಸಿಡಿಯುವಾಗ ಕುದುರೆ ಬಂಡೆಗಳ ನಡುವೆ ಹತ್ತಬೇಕಾದರೆ ಅದಕ್ಕೆ ತನ್ನ ಸವಾರನ ಮೇಲೆ ನಂಬಿಕೆ ಬೇಕು. ಅದು ಒಂದು ದಿನದಲ್ಲಿ ಹುಟ್ಟುವಂಥದ್ದಲ್ಲ.

ಹೇಸರಗತ್ತೆಗಳ ಪಾಲೂ ಸಣ್ಣದಲ್ಲ. 1939ರ ಡಿಸೆಂಬರಿನಲ್ಲಿ ಭಾರತೀಯ ಸೇನೆಯ ಪ್ರಾಣಿ ಸಾರಿಗೆ ತುಕಡಿಗಳು ಫ್ರಾನ್ಸಿಗೆ ಹೋದವು. ಅವರಲ್ಲಿ ಹೆಚ್ಚಿನವರು ಪಂಜಾಬಿನ ಮುಸ್ಲಿಮರು. ಯುರೋಪಿನ ಆ ಕೊರೆಯುವ ಚಳಿಗಾಲದಲ್ಲಿ ಮೋಟಾರು ಹೋಗದ ಕಡೆ ಅವರ ಹೇಸರಗತ್ತೆಗಳು ಹೋದವು. 1940ರ ಮೇ ತಿಂಗಳಲ್ಲಿ ಡನ್‌ಕರ್ಕ್‌ನಿಂದ ಸೈನ್ಯ ಹಿಂದೆ ಸರಿಯುವಾಗ ಮನುಷ್ಯರಿಗೆ ಮಾತ್ರ ಹಡಗಿನಲ್ಲಿ ಜಾಗವಿತ್ತು. ಪ್ರಾಣಿಗಳನ್ನು ಅಲ್ಲೇ ಬಿಟ್ಟು ಬರಬೇಕಾಯಿತು.

ನಮಗೆ ಉಳಿದಿರುವುದು

ಇಂದು ಗುಂಡ್ಯದಲ್ಲಿ ಕುದುರೆ ಇಲ್ಲ. ಲಾಯ ಇದ್ದ ಕಡೆ ಲಾರಿ ನಿಂತಿದೆ. ಆದರೆ ಹೆದರಿದ ಪ್ರಾಣಿಗಳು ನಮ್ಮ ಕೈಗೆ ಸಿಗುವುದು ನಿಂತಿಲ್ಲ. ಮದುವೆ ಮೆರವಣಿಗೆಗೆ ಬಾಡಿಗೆಗೆ ತಂದ ಕುದುರೆಯ ಕಾಲಬುಡದಲ್ಲೇ ಪಟಾಕಿ ಸಿಡಿಸುತ್ತೇವೆ, ಕಿವಿಯ ಬಳಿಯೇ ಬ್ಯಾಂಡು ಬಾರಿಸುತ್ತೇವೆ. ಅದು ಮುಂಗಾಲೆತ್ತಿದರೆ ನಗುತ್ತೇವೆ, ಓಡಿದರೆ ಬಯ್ಯುತ್ತೇವೆ. ಬಕ್ರೀದ್‌ಗೆ ತಂದ ಆಡನ್ನು ಕಿವಿ ಹಿಡಿದು ಎಳೆಯುವವರಿದ್ದಾರೆ. ಅದರ ಕಣ್ಣೆದುರು ಚೂರಿ ಮಸೆಯಬಾರದೆಂಬ ಪ್ರವಾದಿ(ಸ)ಯವರ ಎಚ್ಚರಿಕೆ ಗೊತ್ತಿದ್ದೂ ಅವಸರ ಮಾಡುವವರಿದ್ದಾರೆ.

ಇನ್ನೊಂದು ಮಾತನ್ನೂ ಹೇಳಬೇಕು. ತಅ್‌ದೀಬ್ ಎಂಬ ಪದ ಕುದುರೆಗೂ ಮಗುವಿಗೂ ಒಂದೇ ಎಂದೆವಷ್ಟೆ. ಪಾಠ ಒಪ್ಪಿಸಲು ನಿಂತು ತೊದಲುವ ಮಗುವಿನ ಎದುರು ನಾವು ಕೇಳಿಕೊಳ್ಳಬೇಕಾದುದೂ ಅದೇ ಪ್ರಶ್ನೆ: ಇದು ಹಟವೋ, ಹೆದರಿಕೆಯೋ? ಬೆತ್ತ ಎತ್ತಿದರೆ ಮಗು ಆ ದಿನ ಸುಮ್ಮನಾದೀತು. ಆದರೆ ಅದು ಪಾಠದ ಜೊತೆ ಪಾಠ ಹೇಳಿದವರನ್ನೂ ಹೆದರಲು ಕಲಿಯುತ್ತದೆ. ಒಂದೇ ಒಂದು ಹೆಜ್ಜೆ ಮುಂದಿಟ್ಟಾಗ ಹಗ್ಗ ಸಡಿಲಿಸುವ ಕಾಸದಾರನ ವಿದ್ಯೆ ಮನೆಯಲ್ಲಿ, ಮದ್ರಸದಲ್ಲಿ, ಶಾಲೆಯಲ್ಲಿ ಇನ್ನೂ ಕೆಲಸಕ್ಕೆ ಬರುತ್ತದೆ.

ಮೃದುವಾಗಿರುವುದೆಂದರೆ ಬಿಟ್ಟುಕೊಡುವುದಲ್ಲ. ಆ ಕಾಸದಾರ ಕುದುರೆಯನ್ನು ಘಟ್ಟದ ಬುಡದಲ್ಲೇ ಬಿಟ್ಟು ಹೋಗಲಿಲ್ಲ, ಹತ್ತಿಸಿಯೇ ಹತ್ತಿಸಿದ. ಅವಸರ ಮಾಡಲಿಲ್ಲ, ಅಷ್ಟೆ. ದುರ್ಬಲರನ್ನೂ ಮೂಕಪ್ರಾಣಿಗಳನ್ನೂ ನಡೆಸುವ ಅಧಿಕಾರ ಕೈಗೆ ಬಂದಾಗ ಆ ತಾಳ್ಮೆಯನ್ನು ಅಲ್ಲಾಹನು ನಮಗೂ ಕರುಣಿಸಲಿ.